‘ನಮ್ಮ ಅಜ್ಜನ ಮನಿ ಅದರಾಗ ಐತ್ರಿ’: ಮುಳುಗಡೆ ಊರಿನ ಶಾಲೆಯಲ್ಲಿ ಒಂದು ಅಣೆಕಟ್ಟಿನ ಪಾಠ

ಡಿ.ಎಲ್.ಇಡಿ. (ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿಯ ಡಿಪ್ಲೊಮಾ) ಓದುವ ಪ್ರಶಿಕ್ಷಣಾರ್ಥಿಗಳನ್ನು ಸಮಾಜ ವಿಜ್ಞಾನದ ಪಾಠಕ್ಕೆ ಸಿದ್ಧಮಾಡುವುದೆಂದರೆ ನಮ್ಮಲ್ಲಿ ಹೆಚ್ಚಾಗಿ ಪಾಠಯೋಜನೆ ಬರೆಯಲು ಕಲಿಸುವುದು. ಅಂಕಣಗಳು ತುಂಬಿರಬೇಕು, ಚಾರ್ಟ್ ಚೊಕ್ಕವಾಗಿರಬೇಕು, ಕಪ್ಪುಹಲಗೆಯ ಸಾರಾಂಶ ನೆಟ್ಟಗಿರಬೇಕು. ಇವು ಬೇಡ ಎಂದು ನಾನು ಹೇಳುವುದಿಲ್ಲ. ಆದರೆ ಇವೆಲ್ಲ ಸರಿಯಿದ್ದೂ ಪಾಠ ಎಲ್ಲಿ ಕೈತಪ್ಪುತ್ತದೆ ಎಂಬುದನ್ನು ಬಾಗಲಕೋಟೆ ಜಿಲ್ಲೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಡೆದ ಈ ಪ್ರಕರಣ ತೋರಿಸಿಕೊಟ್ಟಿತು. ಆ ಪ್ರಶಿಕ್ಷಣಾರ್ಥಿಗಳ ಮೇಲ್ವಿಚಾರಕ ಉಪನ್ಯಾಸಕಿಯಾಗಿ ನಾನು ತರಗತಿಯ ಹಿಂದಿನ ಬೆಂಚಿನಲ್ಲಿದ್ದೆ. ಶಾಲೆ, ಊರು, ಮಕ್ಕಳು, ಪ್ರಶಿಕ್ಷಣಾರ್ಥಿ, ಯಾರ ಹೆಸರನ್ನೂ ಇಲ್ಲಿ ಬರೆದಿಲ್ಲ.

ಊರು, ತರಗತಿ

ಶಾಲೆ ಇರುವುದು ಬೀಳಗಿ ತಾಲ್ಲೂಕಿನ ಒಂದು ಪುನರ್ವಸತಿ ಕೇಂದ್ರದಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೇ ಊರು ಹೋಯಿತು, ಜನ ಎತ್ತರದ ಜಾಗಕ್ಕೆ ಬಂದರು. ಬಾಗಲಕೋಟೆ ಪಟ್ಟಣದ ತಗ್ಗಿನ ಓಣಿಗಳ ಜನ ಇದೇ ನೀರಿನ ಕಾರಣಕ್ಕೆ ನವನಗರದ ಸೆಕ್ಟರ್‌ಗಳಿಗೆ ಬಂದರು. ‘ಮುಳುಗಡಿಗಿಂತ ಮೊದಲ’, ‘ಮುಳುಗಡಿ ಆದ ಮ್ಯಾಲ’ ಎಂದು ಈ ಭಾಗದ ಹಿರಿಯರು ಕಾಲವನ್ನೇ ಎರಡು ಪಾಲು ಮಾಡಿ ಮಾತಾಡುತ್ತಾರೆ.

6ನೇ ತರಗತಿಯ ಮಕ್ಕಳೆಲ್ಲ ಹೊಸ ಊರಿನಲ್ಲೇ ಹುಟ್ಟಿದವರು. ಹಳೇ ಊರನ್ನು ಅವರು ಕಂಡಿಲ್ಲ. ಆದರೆ ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಹೊರಗೆ ಕಾಣುವ ಕಲ್ಲು ಕಟ್ಟೆಗಳನ್ನು ಕಂಡಿದ್ದಾರೆ. ಅಲ್ಲಿ ಯಾರ ಮನೆ ಇತ್ತು ಎಂದು ಅಜ್ಜ ಕೈಮಾಡಿ ತೋರಿಸಿದ್ದನ್ನು ನೋಡಿದ್ದಾರೆ.

ಪ್ರಶಿಕ್ಷಣಾರ್ಥಿ ಗುಳೇದಗುಡ್ಡದ ಹುಡುಗಿ, ಖಣ ನೇಯುವ ಮನೆತನದವಳು. ಪಿಯುಸಿ ಕಲಾ ವಿಭಾಗದಲ್ಲಿ ಒಳ್ಳೆಯ ಅಂಕ ಪಡೆದು ಬಂದವಳು. ಎರಡನೇ ವರ್ಷದ ಇಂಟರ್ನ್‌ಶಿಪ್‌ಗೆ ಇನ್ನೂ ಮೂವರ ಜೊತೆ ಈ ಶಾಲೆಗೆ ಬಂದಿದ್ದಳು. ಬೋಧನಾ ವಿಧಾನಗಳ ಪತ್ರಿಕೆಯಲ್ಲಿ ‘ಆಧಾರ ಪದ್ಧತಿ’ಯ (ಮೂಲ ದಾಖಲೆಗಳಿಂದ ಇತಿಹಾಸ ಕಲಿಸುವ ವಿಧಾನ) ಮೇಲೆ ಹತ್ತು ಅಂಕದ ಪ್ರಶ್ನೆ ಬಂದರೆ ತಡೆಯಿಲ್ಲದೆ ಬರೆಯಬಲ್ಲವಳು. ಆದರೆ ಒಂದು ಹಳೇ ಉತಾರವನ್ನಾಗಲಿ (ಜಮೀನಿನ ಪಹಣಿ), ಶಾಸನದ ಅಚ್ಚನ್ನಾಗಲಿ, ದಾಖಲಾತಿ ಪುಸ್ತಕವನ್ನಾಗಲಿ ಕೈಯಲ್ಲಿ ಹಿಡಿದು ‘ಇದು ಏನು ಹೇಳುತ್ತದೆ’ ಎಂದು ಕೇಳಿಕೊಂಡವಳಲ್ಲ. ಅವಳೊಬ್ಬಳ ಕೊರತೆ ಇದಲ್ಲ. ಹತ್ತನೇ ತರಗತಿಯಿಂದ ಪಿಯುಸಿವರೆಗೆ ಇತಿಹಾಸವನ್ನು ಉತ್ತರ ಬರೆದು ಪಾಸಾಗುವ ವಿಷಯವಾಗಿ ಓದಿದ ಯಾರೇ ಆದರೂ ಹೀಗೆಯೇ ಬರುತ್ತಾರೆ.

ಪಾಠ

ಪಾಠಾಂಶ: ನದಿಗಳು ಮತ್ತು ಅಣೆಕಟ್ಟುಗಳು. ಅವಧಿ ನಲವತ್ತು ನಿಮಿಷ. ಕರ್ನಾಟಕದ ನಕ್ಷೆಯ ಮೇಲೆ ನದಿಗಳನ್ನು ನೀಲಿ ಬಣ್ಣದಲ್ಲಿ, ಜಲಾಶಯಗಳನ್ನು ಕೆಂಪು ಚುಕ್ಕೆಯಲ್ಲಿ ಗುರುತಿಸಿದ ಚಾರ್ಟ್ ತಂದಿದ್ದಳು. ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣದಲ್ಲಿ ‘ವಿದ್ಯಾರ್ಥಿಗಳಿಗೆ ಕರ್ನಾಟಕದ ಪ್ರಮುಖ ನದಿಗಳ ಹೆಸರು ತಿಳಿದಿದೆ’ ಎಂದು ಬರೆದಿತ್ತು. ಆಲಮಟ್ಟಿಯ ಎದುರು 123 ಟಿಎಂಸಿ ನೀರು, 290 ಮೆಗಾವ್ಯಾಟ್ ವಿದ್ಯುತ್ ಎಂಬ ಅಂಕಿಗಳಿದ್ದವು.

‘ಅಣೆಕಟ್ಟು ಯಾಕ ಕಟ್ಟತಾರ?’ ಎಂದು ಕೇಳಿದಳು. ಮಕ್ಕಳು ಉತ್ಸಾಹದಿಂದ ಹೇಳಿದರು. ನೀರಾವರಿ, ವಿದ್ಯುತ್, ಕುಡಿಯುವ ನೀರು, ಮೀನುಗಾರಿಕೆ, ಪ್ರವಾಸೋದ್ಯಮ ಎಂದು ಐದು ಉಪಯೋಗಗಳು ಹಲಗೆಯ ಮೇಲೆ ಬಂದವು. ಮೂರನೇ ಸಾಲಿನ ಹುಡುಗನೊಬ್ಬ ಎದ್ದು ನಿಂತ.

‘ಅಕ್ಕೋರ್ರಿ, ನಮ್ಮ ಅಜ್ಜನ ಮನಿ ಅದರಾಗ ಐತ್ರಿ.’

‘ಯಾವುದರಾಗ?’

‘ನೀರಾಗ್ರಿ. ಆಲಮಟ್ಟಿ ನೀರಾಗ.’

ಹಿಂದಿನಿಂದ ಒಬ್ಬಳು, ‘ನಮ್ದೂ ರಿ, ನಮ್ಮ ಹೊಲಾನೂ’ ಎಂದಳು. ಇನ್ನೊಬ್ಬ ತನ್ನ ಊರಿನ ದೇವರ ಗುಡಿಯ ಮಾತು ತೆಗೆದ. ಅರ್ಧ ತರಗತಿ ಒಟ್ಟಿಗೇ ಮಾತಾಡತೊಡಗಿತು. ಪ್ರಶಿಕ್ಷಣಾರ್ಥಿ ಒಂದು ಕ್ಷಣ ಚಾರ್ಟಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ, ‘ಆತು ಆತು, ಅದು ಪಾಠದಾಗ ಇಲ್ಲ. ಎಲ್ಲಾರೂ ಸುಮ್ನ ಕುಂದರ್ರಿ, ಉಪಯೋಗ ಬರಕೊಳ್ರಿ’ ಎಂದಳು. ಮಕ್ಕಳು ಕುಂತು ಬರೆದುಕೊಂಡರು. ಕೊನೆಯ ಮೌಲ್ಯಮಾಪನದ ಪ್ರಶ್ನೆಗಳಿಗೆ ಎಲ್ಲರೂ ಸರಿಯುತ್ತರ ಕೊಟ್ಟರು, ಆ ಹುಡುಗನೂ ಸೇರಿ.

ನಮ್ಮ ಅವಲೋಕನ ನಮೂನೆಯ ಪ್ರಕಾರ ಅದು ಒಳ್ಳೆಯ ಪಾಠ. ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಹಲಗೆಯ ಬಳಕೆ, ತರಗತಿಯ ಶಿಸ್ತು, ಮೌಲ್ಯಮಾಪನ ಎಲ್ಲಕ್ಕೂ ಅಂಕ ಸಿಗುತ್ತದೆ. ಮಗುವೊಂದು ತಂದ ಸತ್ಯಕ್ಕೆ ತರಗತಿಯಲ್ಲಿ ಏನಾಯಿತು ಎಂದು ಕೇಳುವ ಸಾಲು ಮಾತ್ರ ಆ ನಮೂನೆಯಲ್ಲಿ ಇರಲಿಲ್ಲ.

ವರಾಂಡದಲ್ಲಿ ನಡೆದ ಮಾತು

ಮಧ್ಯಾಹ್ನದ ಬಿಸಿಯೂಟದ ಹೊತ್ತಿಗೆ ವರಾಂಡದಲ್ಲಿ ಕುಂತು ಕೇಳಿದೆ: ‘ಆ ಹುಡುಗ ಹಂಗ ಅಂದಾಗ ನಿನಗ ಏನನ್ನಿಸ್ತವ?’

ಅವಳ ಉತ್ತರವನ್ನು ಅಂದೇ ಬರೆದಿಟ್ಟುಕೊಂಡೆ. ‘ಏನ್ ಹೇಳಬೇಕು ತಿಳೀಲಿಲ್ರಿ ಮೇಡಂ. ಯಾವ ಊರು ಮುಳುಗ್ಯಾವು, ಯಾವಾಗ ಮುಳುಗ್ಯಾವು, ನನಗ ಗೊತ್ತಿಲ್ರಿ. ಅಣೆಕಟ್ಟು ಚಲೋ ಅನ್ನಬೇಕೋ, ಚಲೋ ಅಲ್ಲ ಅನ್ನಬೇಕೋ? ಮತ್ತ ಆ ಹುಡುಗ ಅತ್ತುಬಿಟ್ಟಿದ್ದರ ಏನ್ ಮಾಡ್ಲಿ?’

ಇಲ್ಲಿ ಬೇರೆಬೇರೆ ಮೂರು ಭಯಗಳಿವೆ. ವಿಷಯ ಗೊತ್ತಿಲ್ಲ ಎಂಬುದು ಒಂದು. ಓದಿದರೆ, ಹೋಗಿ ಕೇಳಿದರೆ ತುಂಬಿಕೊಳ್ಳುವ ಕೊರತೆ ಅದು. ಯಾರ ಪರ ನಿಲ್ಲಬೇಕು ಎಂಬುದು ಇನ್ನೊಂದು. ಸಮಾಜ ವಿಜ್ಞಾನದ ಶಿಕ್ಷಕಿ ಪ್ರತಿ ಪ್ರಶ್ನೆಗೂ ತೀರ್ಪು ಕೊಡಬೇಕು ಎಂಬ ತಿಳಿವಳಿಕೆಯಿಂದ ಹುಟ್ಟಿದ್ದು. ಮೂರನೆಯದು ಮಗುವಿನ ಅಳುವಿನ ಭಯ, ಅದು ಕರುಳಿನಿಂದ ಬಂದದ್ದು, ಅದಕ್ಕೆ ನಾನು ತಲೆಬಾಗುತ್ತೇನೆ. ಮೂರೂ ಒಟ್ಟಿಗೆ ಬಂದಾಗ ಇಪ್ಪತ್ತರ ಹುಡುಗಿಗೆ ಪಠ್ಯಪುಸ್ತಕದ ಹಿಂದೆ ನಿಲ್ಲುವುದು ಬಿಟ್ಟು ಬೇರೆ ದಾರಿ ಕಾಣಲಿಲ್ಲ. ‘ಮಗುವಿನ ಅನುಭವಕ್ಕೆ ಬೆಲೆ ಕೊಡು’ ಎಂದು ಮತ್ತೊಮ್ಮೆ ಉಪದೇಶ ಮಾಡಿದ್ದರೆ ಅವಳ ಕೈಗೆ ಏನೂ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹೇಳುವ ‘ಶಾಲೆಯ ಹೊರಗಿನ ಬದುಕಿನ ಜೊತೆ ಜ್ಞಾನವನ್ನು ಜೋಡಿಸುವುದು’ ಅವಳಿಗೆ ಬಾಯಿಪಾಠವಾಗಿತ್ತು. ಜೋಡಿಸುವ ಕೆಲಸವನ್ನು ತಾನೇ ಮಾಡಿ ನೋಡಿರಲಿಲ್ಲ.

ಹಾಗಾಗಿ ಪಾಠಯೋಜನೆ ತಿದ್ದಲು ಹೇಳಲಿಲ್ಲ. ಅದೇ ಪಾಠವನ್ನು ಮತ್ತೆ ಮಾಡಬೇಕು, ಆದರೆ ಅದಕ್ಕೆ ಮೊದಲು ನಾಲ್ವರೂ ಕೂಡಿ ಆ ಊರಿನ ಮುಳುಗಡೆಯ ಬಗ್ಗೆ ಆಧಾರ ಕೂಡಿಸಬೇಕು ಎಂದು ಗೊತ್ತುಮಾಡಿದೆವು. ಮುಖ್ಯೋಪಾಧ್ಯಾಯರೂ ಒಪ್ಪಿದರು.

ಆಧಾರ ಹುಡುಕಿದ್ದು

ಮೊದಲು ಚಾರ್ಟನ್ನೇ ಪರೀಕ್ಷೆಗೆ ಒಡ್ಡಿದೆವು. 123 ಟಿಎಂಸಿ ಎಂದು ಬರೆದವಳಿಗೆ ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ಎಂದು ಗೊತ್ತಿರಲಿಲ್ಲ. ಇನ್ನೊಬ್ಬನ ಚಾರ್ಟಿನಲ್ಲಿ ‘1964ರಲ್ಲಿ ಪ್ರಧಾನಮಂತ್ರಿ ಲಾಲ್ ಬಹಾದೂರ್ ಶಾಸ್ತ್ರಿ ಶಂಕುಸ್ಥಾಪನೆ ಮಾಡಿದರು’ ಎಂದಿತ್ತು. ತಾರೀಖು ಹುಡುಕು ಎಂದೆ. 1964ರ ಮೇ 22 ಎಂದು ಸಿಕ್ಕಿತು. ‘ಹಂಗಾದ್ರ ಅವತ್ತು ಪ್ರಧಾನಿ ಯಾರಿದ್ರು?’ ಎಂದು ಕೇಳಿದಾಗ ನಾಲ್ವರೂ ಮೊಬೈಲ್ ತೆಗೆದರು. ನೆಹರೂ ತೀರಿಕೊಂಡದ್ದು ಮೇ 27ರಂದು. ಶಾಸ್ತ್ರಿಯವರು ಪ್ರಧಾನಿಯಾದದ್ದು ಜೂನ್ 9ರಂದು. ಅಡಿಗಲ್ಲು ಇಟ್ಟ ದಿನ ಅವರು ಕೇಂದ್ರದ ಮಂತ್ರಿ, ಪ್ರಧಾನಿಯಲ್ಲ. ಸಣ್ಣ ಸಂಗತಿ ನಿಜ, ಆದರೆ ಎರಡು ತಾರೀಖುಗಳನ್ನು ಪಕ್ಕದಲ್ಲಿಟ್ಟು ತಾವೇ ಒಂದು ತಪ್ಪನ್ನು ಹಿಡಿದ ಆ ಹೊತ್ತಿನ ಖುಷಿ ದೊಡ್ಡದು. ಅಲ್ಲಿಂದ ಮುಂದೆ ‘ಇದು ನಮಗ ಹೆಂಗ ಗೊತ್ತು?’ ಎಂಬುದು ಆ ಗುಂಪಿನ ನಿತ್ಯದ ಮಾತಾಯಿತು.

ಊರಿನ ಹಿರಿಯರ ಸಂದರ್ಶನ ಇಷ್ಟು ಸುಲಭವಾಗಲಿಲ್ಲ. ಪ್ರಶ್ನಾವಳಿ ಬರೆದುಕೊಂಡು ಹೋದರು. ಮೊದಲ ಪ್ರಶ್ನೆ ‘ನಿಮಗೆ ಎಷ್ಟು ಪರಿಹಾರ ಬಂತು?’ ಕಟ್ಟೆಯ ಮೇಲೆ ಕುಂತಿದ್ದ ಅಜ್ಜ ಇವರ ಕೈಯಲ್ಲಿದ್ದ ಹಾಳೆ ನೋಡಿ, ‘ಯಾವ ಆಫೀಸಿನವರು ನೀವು? ಮತ್ತ ಅಳತಿ ಮಾಡಾಕ ಬಂದೀರೇನು?’ ಎಂದು ಎದ್ದೇ ಹೋದರು.

ಅಜ್ಜನ ಸಂಶಯಕ್ಕೆ ಕಾರಣವಿದೆ. ಜಲಾಶಯದಲ್ಲಿ ಈಗ ನೀರು ನಿಲ್ಲುವುದು ಸಮುದ್ರಮಟ್ಟದಿಂದ 519.6 ಮೀಟರ್‌ವರೆಗೆ. ಅದನ್ನು 524.256 ಮೀಟರ್‌ಗೆ ಏರಿಸಲು ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 2010ರ ತೀರ್ಪಿನಲ್ಲಿ ಅವಕಾಶ ಕೊಟ್ಟಿದೆ. ಹೆಚ್ಚು ಕಡಿಮೆ ನಾಲ್ಕೂವರೆ ಮೀಟರಿನ ಈ ವ್ಯತ್ಯಾಸದ ಮೇಲೆ ಇನ್ನೂ ಎಷ್ಟೋ ಊರು, ಹೊಲಗಳ ಭವಿಷ್ಯ ನಿಂತಿದೆ. ನಮ್ಮ ಪ್ರಶಿಕ್ಷಣಾರ್ಥಿಗಳು ಮುಳುಗಡೆಯನ್ನು ಆಗಿಹೋದ ಇತಿಹಾಸ ಎಂದುಕೊಂಡು ಹೋಗಿದ್ದರು. ಊರಿನವರ ಮಟ್ಟಿಗೆ ಅದು ನಡೆಯುತ್ತಿರುವ ವಿಷಯ. ಇದನ್ನು ತಿಳಿಯದೆ ಅಲ್ಲಿ ಸಮಾಜ ವಿಜ್ಞಾನ ಕಲಿಸಲಾಗದು ಎಂಬುದನ್ನು ಯಾವ ಉಪನ್ಯಾಸಕ್ಕಿಂತಲೂ ಚೆನ್ನಾಗಿ ಆ ಅಜ್ಜ ಕಲಿಸಿದರು.

ಪ್ರಶ್ನೆಗಳನ್ನು ಬದಲಿಸಿದೆವು. ದುಡ್ಡಿನ ಮಾತು ತೆಗೆದುಬಿಟ್ಟೆವು. ಶಾಲೆಯ ಅಡುಗೆಯವ್ವನ ಜೊತೆ ಹೋದರು, ಏಕೆಂದರೆ ಅವರು ಅದೇ ಊರಿನವರು. ಹಾಳೆ ಚೀಲದಲ್ಲೇ ಇತ್ತು. ‘ಆಯಿ, ಹಳೇ ಊರಾಗ ನಿಮ್ಮ ಮನಿ ಬಾಗಲಾ ಯಾವ ಕಡೆ ಇತ್ರಿ?’ ‘ನೀರು ಎಲ್ಲಿಂದ ತರ್ತಿದ್ರಿ?’ ‘ಊರ ದೇವರನ್ನ ಇಲ್ಲಿಗೆ ಹೆಂಗ ತಂದ್ರಿ?’ ಎಂದು ಕೇಳಿದಾಗ ಮಾತು ಬಂತು. ಒಬ್ಬ ಆಯಿ ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಹೊಳಿ, ಅಗಸಿ, ಹನುಮಂತದೇವರ ಗುಡಿ, ಗಿರಣಿ, ಓಣಿಗಳು ಎಲ್ಲವನ್ನೂ ಗೆರೆ ಎಳೆದು ತೋರಿಸಿದರು. ಅಕ್ಷರ ಬಾರದ ಅವರು ಮಾಡಿದ್ದು ನಕ್ಷೆ. ದಿಕ್ಕು ತಪ್ಪಿರಲಿಲ್ಲ. ನಮ್ಮ ಹುಡುಗಿ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು.

ಹಳೇ ಊರಿನಲ್ಲಿ ಓಣಿ ಓಣಿಯಾಗಿದ್ದ ಜನ ಹೊಸ ಊರಿನಲ್ಲಿ ಪ್ಲಾಟ್ ನಂಬರಿನ ಪ್ರಕಾರ ಚೆದುರಿದ್ದರು. ಹಿಂದಿನ ನೆರೆಯವರು ಈಗ ಊರಿನ ಇನ್ನೊಂದು ತುದಿಯಲ್ಲಿ. ಇದು ಒಬ್ಬರಿಗೆ ದುಃಖ. ಇನ್ನೊಬ್ಬ ಹಿರಿಯರಿಗೆ ಅಲ್ಲ. ಅವರ ಮಾತು ನಾಲ್ವರನ್ನೂ ತಡೆದು ನಿಲ್ಲಿಸಿತು: ‘ಅಲ್ಲಿ ನಮ್ಮ ಕೇರಿ ಊರ ಹೊರಗ ಇತ್ತವ. ಇಲ್ಲಿ ನಾವೂ ಡಾಂಬರ್ ರಸ್ತೇದ ಮ್ಯಾಲ ಅದೀವಿ.’ ಒಂದೇ ಸ್ಥಳಾಂತರ, ಎರಡು ನೆನಪು. ಹೊಲ ಇದ್ದ ಮನೆಯವರು ಪರಿಹಾರದ ಹಣದಿಂದ ಬೇರೆ ಕಡೆ ಹೊಲ ಹಿಡಿದಿದ್ದರು. ಕೂಲಿ ಮಾಡುತ್ತಿದ್ದ ಒಬ್ಬ ತಾಯಿ ಹೇಳಿದ್ದು, ‘ಹೊಳಿ ದಂಡಿ ಹೊಲ ಹೋದ್ವು, ನಮ್ಮ ಕೂಲಿನೂ ಅದರ ಜೋಡಿ ಹೋತು. ನಮ್ಮ ಹೆಸರಲೆ ಹೊಲ ಇರಲಿಲ್ಲಲ್ಲ.’

ಈ ಮಾತಿನ ಹಿಂದೆ ಒಂದು ಕಾನೂನಿನ ಕಥೆ ಇದೆ ಎಂದು ಪ್ರಶಿಕ್ಷಣಾರ್ಥಿಗಳಿಗೆ ತೋರಿಸಲು ನನಗೆ ಅವಕಾಶ ಸಿಕ್ಕಿತು. ಆಗ ಭೂಮಿ ವಶಪಡಿಸಿಕೊಂಡದ್ದು 1894ರ ಭೂಸ್ವಾಧೀನ ಕಾಯ್ದೆಯ ಅಡಿ. ಅದರ ಮುಖ್ಯ ಲೆಕ್ಕ ಆಸ್ತಿಯ ಒಡೆಯನಿಗೆ ಕೊಡುವ ಪರಿಹಾರದ್ದು. ಪುನರ್ವಸತಿಯನ್ನು ಸರ್ಕಾರಗಳು ಬೇರೆ ಯೋಜನೆಗಳ ಮೂಲಕ ಮಾಡಬೇಕಿತ್ತು. ಆ ಕಾಯ್ದೆಯ ಜಾಗಕ್ಕೆ ಬಂದ 2013ರ ಕಾಯ್ದೆ 2014ರ ಜನವರಿ 1ರಿಂದ ಜಾರಿಯಾಯಿತು. ಸ್ವಂತ ಭೂಮಿ ಇಲ್ಲದೆ ಆ ಭೂಮಿಯ ದುಡಿಮೆಯನ್ನೇ ನಂಬಿದ್ದ ಕುಟುಂಬವನ್ನೂ ಅದು ಸಂತ್ರಸ್ತ ಕುಟುಂಬ ಎಂದು ಎಣಿಸುತ್ತದೆ. ಪೌರನೀತಿಯ ಪುಸ್ತಕದಲ್ಲಿ ‘ಕಾನೂನು ಬದಲಾಗುತ್ತದೆ’ ಎಂದು ಓದುವುದಕ್ಕೂ, ಆ ಬದಲಾವಣೆ ಯಾರ ಕೂಲಿಗೆ ಸಂಬಂಧಿಸಿದ್ದು ಎಂದು ಆ ತಾಯಿಯ ಅಂಗಳದಲ್ಲಿ ಕುಂತು ತಿಳಿಯುವುದಕ್ಕೂ ಬಹಳ ಅಂತರವಿದೆ.

ಊರು ಬಿಟ್ಟ ವರ್ಷ ಯಾವುದು ಎಂಬುದರಲ್ಲಿ ಹಿರಿಯರ ಮಾತು ಕೂಡಲಿಲ್ಲ. ಒಬ್ಬರು ‘ದೊಡ್ಡ ಮಗಳ ಮದಿವಿ ಆದ ವರ್ಷ’ ಎಂದರೆ, ಇನ್ನೊಬ್ಬರು ಅದಕ್ಕಿಂತ ಎರಡು ವರ್ಷ ಈಚೆ ಎಂದರು. ಮುಖ್ಯೋಪಾಧ್ಯಾಯರು ಟ್ರಂಕ್ ತೆಗೆದು ಶಾಲೆಯ ಹಳೇ ದಾಖಲಾತಿ ಪುಸ್ತಕ ಕೊಟ್ಟರು. ಶಾಲೆಯೂ ಊರಿನ ಜೊತೆಗೇ ಎದ್ದು ಬಂದದ್ದಲ್ಲವೇ! ಯಾವ ವರ್ಷ ಎಷ್ಟು ಮಕ್ಕಳ ಹೆಸರು ತೆಗೆಸಿದ್ದಾರೆ ಎಂದು ಸಾಲು ಸಾಲು ನೋಡಿದಾಗ ಒಂದು ಸಂಗತಿ ಹೊಳೆಯಿತು. ಊರು ಒಂದೇ ದಿನಕ್ಕೆ ಎದ್ದಿರಲಿಲ್ಲ, ಕೆಲವು ವರ್ಷಗಳ ಅವಧಿಯಲ್ಲಿ ಮನೆಮನೆಯಾಗಿ ಎದ್ದಿತ್ತು. ಅಂದರೆ ಇಬ್ಬರೂ ಹಿರಿಯರು ಸರಿಯೇ. ಅದೇ ಪುಸ್ತಕದ ಹಳೇ ಪುಟಗಳಲ್ಲಿ ಜಿಲ್ಲೆ ‘ವಿಜಾಪುರ’ ಎಂದಿತ್ತು. ‘ಇದು ತಪ್ಪು ಬರದಾರೇನ್ರಿ ಮೇಡಂ?’ ಎಂದು ಒಬ್ಬಳು ಕೇಳಿದಳು. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಇದನ್ನು ಪರೀಕ್ಷೆಗೆಂದು ಅವಳು ಓದಿದ್ದಳು, ಆದರೆ ಕೈಯಲ್ಲಿದ್ದ ಪುಟಕ್ಕೂ ಆ ಇಸವಿಗೂ ನಂಟು ಹತ್ತಿರಲಿಲ್ಲ.

ಎರಡನೇ ಸಲ

ಪಾಠ ಈಗ ಎರಡು ಅವಧಿಗೆ ಬೆಳೆಯಿತು. ಮೊದಲ ಅವಧಿಯಲ್ಲಿ ಪುಸ್ತಕ ತೆಗೆಯಲಿಲ್ಲ. ಒಂದು ಪರಾತದಲ್ಲಿ ಕರೀಮಣ್ಣಿನಿಂದ ಹೊಳೆ, ದಂಡೆ, ದಿನ್ನೆ ಮಾಡಿ, ಬೆಂಕಿಕಡ್ಡಿ ಪೆಟ್ಟಿಗೆಗಳನ್ನು ಮನೆಗಳಾಗಿ ಇಟ್ಟು, ಒಂದು ಕಡೆ ಒಡ್ಡು ಕಟ್ಟಿ ನೀರು ಹಾಕುತ್ತ ಹೋದರು. ಯಾವ ಮನೆ ಮೊದಲು ಮುಳುಗುತ್ತದೆ, ಯಾವುದು ಕೊನೆಗೆ, ನೀರು ಏರಿದಾಗ ದಂಡೆ ಎಲ್ಲಿಗೆ ಸರಿಯುತ್ತದೆ ಎಂದು ಮಕ್ಕಳು ಮೊದಲೇ ಹೇಳಿ ಆಮೇಲೆ ನೋಡಬೇಕು. 519.6 ಎಂಬ ಅಂಕಿ ಆಗ ಅವರಿಗೆ ಒಂದು ಗೆರೆಯಾಗಿ ಕಂಡಿತು. ಎರಡು ಊರು ಹೊಳೆಯಿಂದ ಒಂದೇ ದೂರದಲ್ಲಿದ್ದರೂ ಒಂದು ಮುಳುಗಿ ಇನ್ನೊಂದು ಉಳಿಯುವುದು ಏಕೆ ಎಂದು ವಿವರಿಸಿದ್ದು ಒಬ್ಬ ಹುಡುಗಿಯೇ: ‘ದೂರ ಅಲ್ರಿ, ಎತ್ತರ ನೋಡಬೇಕ್ರಿ.’ ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಯ ತಿರುಳು ಇಷ್ಟೇ.

ಆ ದಿನದ ಮನೆಗೆಲಸ ಒಂದೇ ಪ್ರಶ್ನೆ: ಮನೆಯ ಹಿರಿಯರನ್ನು ಹಳೇ ಊರಿನ ಒಂದು ಜಾಗದ ಬಗ್ಗೆ ಕೇಳಿಕೊಂಡು ಬನ್ನಿ. ಹೇಳಬೇಕೆನ್ನಿಸಿದವರು ಮಾತ್ರ ಹೇಳಿದರೆ ಸಾಕು ಎಂದು ಪ್ರಶಿಕ್ಷಣಾರ್ಥಿ ಸ್ಪಷ್ಟವಾಗಿ ತಿಳಿಸಿದಳು. ಅಳುವಿನ ಭಯಕ್ಕೆ ನಾವು ಕಂಡುಕೊಂಡ ಉತ್ತರ ಇದು. ಯಾವ ಮಗುವನ್ನೂ ಎಬ್ಬಿಸಿ ನಿಲ್ಲಿಸಿ ‘ನಿಮ್ಮ ಮನಿ ಕಥಿ ಹೇಳು’ ಎನ್ನಬಾರದು. ಪರಿಹಾರದ ಮೊತ್ತ, ಮನೆಯ ಜಗಳ ತರಗತಿಗೆ ಬರಬಾರದು. ಮಗು ಅತ್ತರೆ ಪಾಠ ನಿಲ್ಲಿಸಿ ಪಕ್ಕದಲ್ಲಿ ಕುಂತರಾಯಿತು, ಅದಕ್ಕೆ ಹೆದರಿ ಎಲ್ಲರ ಬಾಯಿ ಮುಚ್ಚಿಸಬೇಕಿಲ್ಲ.

ಎರಡನೇ ಅವಧಿಯಲ್ಲಿ ಆಯಿಯ ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಬರೆದು ತೂಗುಹಾಕಿದ್ದಳು. ಮಕ್ಕಳು ತಾವು ತಂದ ಜಾಗಗಳನ್ನು ಅದರಲ್ಲಿ ಗುರುತಿಸಿದರು. ಮೊದಲ ಸಲ ಎದ್ದು ನಿಂತಿದ್ದ ಹುಡುಗ ಅಜ್ಜನ ಮನೆಯನ್ನು ಗಿರಣಿಯ ಹಿಂದೆ ಇಟ್ಟ. ಇನ್ನೊಬ್ಬ ‘ಅಲ್ಲ, ಗಿರಣಿ ಮುಂದ’ ಎಂದ. ಇಬ್ಬರ ಮನೆಯಲ್ಲೂ ಕೇಳಿ ಬರುವುದೆಂದು ಠರಾವಾಯಿತು.

ಆಮೇಲೆ ಹಲಗೆಯ ಮೇಲೆ ಪಟ್ಟಿ: ಯಾರಿಗೆ ಏನು ಸಿಕ್ಕಿತು, ಯಾರು ಏನು ಕಳೆದುಕೊಂಡರು, ನಮಗೆ ಹೇಗೆ ಗೊತ್ತು. ಇಷ್ಟೆಲ್ಲ ಕೇಳಿಕೊಂಡು ಬಂದಿದ್ದ ಪ್ರಶಿಕ್ಷಣಾರ್ಥಿಯ ಮನಸ್ಸು ಈ ಹೊತ್ತಿಗೆ ಪೂರ್ತಿ ಇನ್ನೊಂದು ಕಡೆ ವಾಲಿತ್ತು. ‘ಇಷ್ಟು ಮಂದಿ ಊರು ಬಿಟ್ಟರು, ಇಂಥಾ ಅಣೆಕಟ್ಟು ಕಟ್ಟಬಾರದಿತ್ತು ಅಲ್ಲೇನು?’ ಎಂದುಬಿಟ್ಟಳು. ಮಕ್ಕಳು ‘ಹೌದ್ರೀ’ ಎಂದು ಒಂದೇ ದನಿಯಲ್ಲಿ ಕೂಗಿದರು. ಹಿಂದಿನ ಪಾಠದಲ್ಲಿ ಐದು ಉಪಯೋಗ ಬರೆದುಕೊಂಡ ಅದೇ ವಿಧೇಯತೆ ಇದು. ಪಾಠವನ್ನು ಉಳಿಸಿದ್ದು ಒಬ್ಬ ಹುಡುಗಿ. ಅವಳ ಮನೆಯವರು ಮುಳುಗಡೆಯವರಲ್ಲ, ಕೆಲಸಕ್ಕೆಂದು ಬೇರೆ ಕಡೆಯಿಂದ ಬಂದು ನೆಲೆಸಿದವರು. ಅಲ್ಲಿಯವರೆಗೆ ಹೇಳಲು ಏನೂ ಇಲ್ಲದೆ ಕುಂತಿದ್ದಳು.

‘ಅಕ್ಕೋರ್ರಿ, ಮತ್ತ ಆ ನೀರು ಯಾರಿಗೆ ಹೋತ್ರಿ?’

ಇದಕ್ಕಿಂತ ಒಳ್ಳೆಯ ಸಮಾಜ ವಿಜ್ಞಾನದ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಅಪರೂಪಕ್ಕೆ ಕೇಳಿದ್ದೇನೆ. ಪ್ರಶಿಕ್ಷಣಾರ್ಥಿ ನಕ್ಷೆಯ ಕಡೆ ತಿರುಗಿದಳು. ಈ ಸಲ ಅವಳ ಬಳಿ ಉತ್ತರವಿತ್ತು. ಆಲಮಟ್ಟಿಯಲ್ಲಿ ಕೂಡಿಟ್ಟ ನೀರು ಕೆಳಗಿನ ನಾರಾಯಣಪುರ ಜಲಾಶಯಕ್ಕೆ ಹೋಗುತ್ತದೆ. ಅಲ್ಲಿನ ಎಡದಂಡೆ ಕಾಲುವೆಯಿಂದ ಸುರಪುರ, ಶಹಾಪುರ, ಜೇವರ್ಗಿ ಕಡೆಗೆ, ಬಲದಂಡೆ ಕಾಲುವೆಯಿಂದ ಲಿಂಗಸುಗೂರು, ದೇವದುರ್ಗದ ಕಡೆಗೆ ಹರಿಯುತ್ತದೆ. ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಕಾಲುವೆ ಮತ್ತು ಏತ ನೀರಾವರಿಯಿಂದ ಒಂದಿಷ್ಟು ಬರುತ್ತದೆ. ಒಬ್ಬ ಹುಡುಗ ಎದ್ದು, ‘ನಮ್ಮ ಮಾವನ ಊರಾಗ ಕಾಲುವಿ ಬಂದ ಮ್ಯಾಲ ಭತ್ತ ಹಚ್ಚ್ಯಾರ್ರಿ, ಮೊದಲ ಬರೇ ಜ್ವಾಳ ಇತ್ರಿ’ ಎಂದ. ಅದೂ ಪಟ್ಟಿಗೆ ಬಂತು, ‘ಹೇಗೆ ಗೊತ್ತು’ ಎಂಬಲ್ಲಿ ‘ಮಾವ ಹೇಳಿದ್ದು, ನಾನು ನೋಡಿದ್ದು’ ಎಂದು. ಕಳೆದುಕೊಂಡವರು ಒಂದು ಕಡೆ, ಪಡೆದವರು ಹೆಚ್ಚಾಗಿ ದೂರದ ಊರುಗಳಲ್ಲಿ, ನಡುವೆ ಒಂದು ಹೊಳೆ. ಅಣೆಕಟ್ಟು ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಯನ್ನು ಮಕ್ಕಳು ಮತ್ತೆ ಎತ್ತಲಿಲ್ಲ. ಪಡೆದವರು ಕಳೆದುಕೊಂಡವರಿಗೆ ಏನು ಕೊಡಬೇಕು ಎಂಬ ಪ್ರಶ್ನೆಯನ್ನು ಎತ್ತಿದರು. ಗಂಟೆ ಹೊಡೆಯಿತು, ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ.

ಮರುದಿನ ಬರವಣಿಗೆಯಲ್ಲಿ ಅದೇ ಮೂರು ಕಾಲಂ ಕೊಟ್ಟಳು. ಮೊದಲ ಎರಡನ್ನು ಎಲ್ಲರೂ ತುಂಬಿದರು. ಮೂರನೆಯದರಲ್ಲಿ ಹಲವರು ‘ಅಕ್ಕೋರು ಹೇಳ್ಯಾರ’ ಎಂದೇ ಬರೆದಿದ್ದರು. ಆಧಾರದ ಪ್ರಜ್ಞೆ ಎರಡು ಅವಧಿಯಲ್ಲಿ ಬರುವಂಥದ್ದಲ್ಲ. ಆದರೆ ಕೆಲವರು ‘ಆಯಿ ನಕ್ಷಿ’, ‘ಶಾಲಿ ದಾಖಲಾತಿ ಬುಕ್’ ಎಂದು ಬರೆದಿದ್ದರು. 6ನೇ ತರಗತಿಗೆ ಇದು ಕಡಿಮೆಯಲ್ಲ.

ಎದ್ದ ಆಕ್ಷೇಪಗಳು

ತರಗತಿ ಶಿಕ್ಷಕರು ನೇರವಾಗಿ ಕೇಳಿದರು: ‘ಮೇಡಂ, ಒಂದ್ ಪಾಠಕ್ಕ ಇಷ್ಟು ಪಿರಿಯಡ್ ಕೊಟ್ಟರ ಸಿಲೆಬಸ್ ಮುಗಸೂದು ಹೆಂಗ್ರಿ?’ ನ್ಯಾಯವಾದ ಪ್ರಶ್ನೆ. ಎಲ್ಲ ಪಾಠವನ್ನೂ ಹೀಗೆ ಮಾಡಲಾಗದು, ಮಾಡಬೇಕಿಲ್ಲ. ವರ್ಷಕ್ಕೆ ಎರಡು ಪಾಠ ಇಷ್ಟು ಆಳಕ್ಕೆ ಹೋದರೆ ಸಾಕು ಎಂಬುದು ನನ್ನ ಅಂದಾಜು. ಈ ಶಾಲೆಯಲ್ಲಿ ನಕ್ಷೆ, ನೀರಾವರಿ, ಸ್ಥಳೀಯ ಆಡಳಿತದ ಪಾಠಗಳ ಒಂದಿಷ್ಟು ಭಾಗ ಇದರಲ್ಲೇ ಬಂದುಹೋದದ್ದರಿಂದ ಮುಂದೆ ಅವಕ್ಕೆ ಸಮಯ ಕಡಿಮೆ ಹಿಡಿಯಿತು. ಅದನ್ನು ಆ ಶಿಕ್ಷಕರೇ ಆಮೇಲೆ ಹೇಳಿದರು.

ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಒಬ್ಬ ಸದಸ್ಯರಿಗೆ ಬೇರೆ ಚಿಂತೆ ಇತ್ತು. ಅಣೆಕಟ್ಟಿನ ಎತ್ತರದ ವಿಷಯ ರಾಜಕೀಯದ್ದು, ಅದನ್ನು ಶಾಲೆಗೆ ಯಾಕೆ ತರುತ್ತೀರಿ ಎಂದರು. ನಾವು ಅವರಿಗೆ ಹೇಳಿದ್ದು ಇಷ್ಟು: ಏರಿಸಬೇಕೋ ಬೇಡವೋ ಎಂದು ತರಗತಿಯಲ್ಲಿ ಯಾರೂ ಹೇಳುವುದಿಲ್ಲ, ಮಕ್ಕಳಿಂದ ಕೈ ಎತ್ತಿಸುವುದಿಲ್ಲ. ಮಗು ತಾನಾಗಿ ಕೇಳಿದರೆ ಗೊತ್ತಿರುವ ಸಂಗತಿಯನ್ನು ಹೇಳುತ್ತೇವೆ. ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳುವಂತಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಹೇಳುತ್ತದೆ, ಅದನ್ನೂ ತೋರಿಸಿದೆವು. ಅವರು ಪೂರ್ತಿ ಒಪ್ಪಲಿಲ್ಲ, ಆದರೆ ಪಾಠ ನೋಡಲು ಬಂದು ಕುಂತರು. ಗಿರಣಿಯ ಜಾಗದ ತಕರಾರನ್ನು ಬಗೆಹರಿಸಿದವರೂ ಅವರೇ.

ತರಬೇತಿಯಲ್ಲಿ ಬದಲಾದದ್ದು

ಈಗ ನಮ್ಮಲ್ಲಿ ಮೊದಲ ವರ್ಷದ ಪ್ರತಿ ಪ್ರಶಿಕ್ಷಣಾರ್ಥಿಯೂ ಸಮಾಜ ವಿಜ್ಞಾನದ ಮೊದಲ ಪಾಠಯೋಜನೆ ಬರೆಯುವ ಮೊದಲು ತನ್ನ ಊರಿನ ಒಂದು ಸಂಗತಿಗೆ ಆಧಾರ ಕೂಡಿಸಬೇಕು. ಕನಿಷ್ಠ ಒಂದು ಬರೆದ ದಾಖಲೆ, ಇಬ್ಬರ ಬಾಯಿಮಾತು, ಕೈಯಿಂದ ಬರೆದ ಒಂದು ನಕ್ಷೆ, ಮತ್ತು ಈ ಆಧಾರಗಳು ಒಂದಕ್ಕೊಂದು ಎಲ್ಲಿ ಕೂಡುವುದಿಲ್ಲ ಎಂಬ ಒಂದು ಪುಟ. ಆ ಕೊನೆಯ ಪುಟವೇ ಮುಖ್ಯ. ಮೊದಮೊದಲು ಎಲ್ಲರೂ ಐಹೊಳೆ, ಪಟ್ಟದಕಲ್ಲಿನ ಫೋಟೋ ಅಂಟಿಸಿಕೊಂಡು ಬಂದರು. ಬಾದಾಮಿಯ ಹುಡುಗನೊಬ್ಬ ಕಪ್ಪೆ ಅರಭಟ್ಟನ ಶಾಸನದ ಫೋಟೋ ತಂದಿದ್ದ. ಅದರಲ್ಲಿರುವ ತ್ರಿಪದಿಯನ್ನು ಓದಿ, ಇದನ್ನು ಬರೆಸಿದವರು ಈ ಮನುಷ್ಯನ ಬಗ್ಗೆ ಏನು ನಂಬಿಸಲು ಬಯಸಿದ್ದರು ಎಂದು ಕೇಳಿದ ಮೇಲೆ ಅವನ ಬರಹ ದಾರಿಗೆ ಬಂತು. ಸ್ಥಳದ ಹಿರಿಮೆ ಹೊಗಳುವುದನ್ನು ಪ್ರವಾಸಿ ಫಲಕಗಳು ಮಾಡುತ್ತವೆ, ಶಿಕ್ಷಕಿಯ ಕೆಲಸ ಬೇರೆ. ನಮ್ಮ ಗುಳೇದಗುಡ್ಡದ ಹುಡುಗಿ ತನ್ನದೇ ಮನೆಯ ಕೈಮಗ್ಗವನ್ನು ಆರಿಸಿಕೊಂಡಳು: ನೂಲು ಎಲ್ಲಿಂದ ಬರುತ್ತದೆ, ಒಂದು ಖಣಕ್ಕೆ ನೇಕಾರನಿಗೆ ಏನು ಸಿಗುತ್ತದೆ, ಅಂಗಡಿಯಲ್ಲಿ ಅದರ ಬೆಲೆ ಏನು, ನಡುವಿನ ಹಣ ಯಾರ ಕೈ ಸೇರುತ್ತದೆ. ಅಪ್ಪ ಮತ್ತು ಮಾಲು ಕೊಳ್ಳುವ ಸಾವ್ಕಾರರು ಕೊಟ್ಟ ಲೆಕ್ಕ ಕೂಡಲಿಲ್ಲ ಎಂದು ಅವಳ ಕೊನೆಯ ಪುಟದಲ್ಲಿತ್ತು.

ಪಾಠಯೋಜನೆಯ ‘ಪೂರ್ವಜ್ಞಾನ’ ಅಂಕಣವನ್ನು ಎರಡು ಮಾಡಿದ್ದೇವೆ. ಹಿಂದಿನ ಪಾಠಗಳಿಂದ ಮಕ್ಕಳಿಗೆ ಏನು ಗೊತ್ತು, ಮನೆಯಿಂದ ಮತ್ತು ಊರಿನಿಂದ ಏನು ಗೊತ್ತಿರಬಹುದು. ಎರಡನೆಯದನ್ನು ಸಂಸ್ಥೆಯಲ್ಲಿ ಕುಂತು ತುಂಬಲಾಗುವುದಿಲ್ಲ. ಶಾಲೆಯ ಊರಿಗೆ ಹೋಗಿ ಒಂದು ಸಂಜೆ ಓಡಾಡಲೇಬೇಕು.

ಅವಲೋಕನ ನಮೂನೆಯ ವಿಷಯದಲ್ಲಿ ಸಹೋದ್ಯೋಗಿಗಳ ನಡುವೆ ಇನ್ನೂ ಒಮ್ಮತವಿಲ್ಲ. ಎರಡು ಸಾಲು ಸೇರಿಸಿದ್ದೇವೆ: ‘ಮಗು ತಂದ ವಿಷಯವನ್ನು ಪಾಠ ಹೇಗೆ ಬಳಸಿಕೊಂಡಿತು?’ ಮತ್ತು ‘ಹೇಳಿದ ಸಂಗತಿಗೆ ಆಧಾರ ಏನೆಂದು ಮಕ್ಕಳಿಗೆ ತಿಳಿಯಿತೇ?’ ಇವಕ್ಕೂ ಅಂಕ ಇಟ್ಟರೆ ಪ್ರಶಿಕ್ಷಣಾರ್ಥಿಗಳು ಮೊದಲೇ ಒಂದು ಮಗುವಿಗೆ ಹೇಳಿಕೊಟ್ಟು ಎಬ್ಬಿಸಿ ನಿಲ್ಲಿಸುತ್ತಾರೆ ಎಂಬುದು ಒಬ್ಬ ಹಿರಿಯ ಸಹೋದ್ಯೋಗಿಯ ವಾದ. ಅಂಕ ಇಡದಿದ್ದರೆ ಯಾರೂ ಅದರ ಕಡೆ ನೋಡುವುದಿಲ್ಲ ಎಂಬುದು ಇನ್ನೊಬ್ಬರದು. ಎರಡರಲ್ಲೂ ಹುರುಳಿದೆ. ಸದ್ಯಕ್ಕೆ ಆ ಎರಡು ಸಾಲಿಗೆ ಅಂಕವಿಲ್ಲ. ಮೇಲ್ವಿಚಾರಕರು ಮಗು ಹೇಳಿದ ಮಾತನ್ನು ಅದರದೇ ಶಬ್ದಗಳಲ್ಲಿ ಬರೆದು, ಅದರ ಕೆಳಗೆ ಶಿಕ್ಷಕಿ ಹೇಳಿದ ಮುಂದಿನ ಮಾತನ್ನು ಬರೆಯಬೇಕು. ಪಾಠದ ನಂತರದ ಚರ್ಚೆ ಅಂಕದ ಹಾಳೆಯಿಂದಲ್ಲ, ಆ ಎರಡು ಮಾತುಗಳಿಂದ ಶುರುವಾಗಬೇಕು ಎಂದು ಗೊತ್ತುಮಾಡಿದ್ದೇವೆ.